ಮರುಸರ್ವೆ

ಸರ್ವೆಯವರು ಬರುವ ಹಿಂದಿನ ಸಂಜೆ
ಗುರಿಕಾರ ಇನಾಸ ಬಂದು ಜಗಲಿಯ ಬೆಂಚಲ್ಲಿ ಕೂತ.
ಚಾ ಬೇಡವೆಂದ. ಕೊಟ್ಟೆ, ಕುಡಿದ.
"ಕಾರ್ಮಿನ್ ಬಾಯಿ, ನಾಳೆ ನೀನು ಹೆಚ್ಚು ಮಾತಾಡಬೇಡ.
ಕಲ್ಲು ಇದ್ದಲ್ಲಿ ಇದೆ, ಅಷ್ಟು ಸಾಕು.
ಸುರಂಗದ ನೀರು ಬರೇ ನಿನ್ನದಲ್ಲ,
ವಾಡೊದ ಹನ್ನೊಂದು ಮನೆ ಕುಡಿಯುತ್ತದೆ.
ನಮ್ಮವರ ಗಂಟಲು ಒಣಗಿಸಿ
ನೀನೆಂಥ ಪುಣ್ಯ ಕಟ್ಟಿಕೊಳ್ಳುವುದು?"

ಸುಳ್ಳಲ್ಲ. ನನ್ನ ಗಂಡನ ಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರು.
ಚಿಕೂನ್‌ಗುನ್ಯಾ ವರ್ಷ ಗಂಟುಗಂಟು ಹಿಡಿದು ಬಿದ್ದವಳಿಗೆ
ಸರತಿ ಹಾಕಿ ಗಂಜಿ ತಂದವರು.
ಇನಾಸನ ಹೆಂಡತಿ ನನ್ನ ತಲೆ ಬಾಚಿದ್ದಾಳೆ.
ಆ ಋಣ ಮೈಮೇಲಿದೆ, ಸೀರೆಗಿಂತ ಹತ್ತಿರ.

ಆದರೆ ಆ ರಾತ್ರಿ ಲಾಟೀನು ಹಿಡಿದದ್ದು ನಾನು.

ಒಂಬತ್ತು ವರ್ಷ ನನಗೆ. ನಮ್ಮ ಬಾವಿ ಬತ್ತಿತ್ತು.
ಅಂದುಂಞಿಯ ಉಪ್ಪ ತೀರಿ ನಲವತ್ತು ದಿನ ಆಗಿರಲಿಲ್ಲ.
ಅಪ್ಪ ಹಾರೆ ಹಾಕಿ ಗಡಿಕಲ್ಲನ್ನು ಎಬ್ಬಿಸಿದ,
ಮಲಗಿದ ಮಗುವನ್ನು ಎತ್ತುವ ಹಾಗೆ ಎದೆಗವಚಿ
ಮೂರು ಮಾರು ನಡೆದ.
ಸುರಂಗದ ಬಾಯಿ ಈಚೆಗೆ ಬಂತು,
ಅದನ್ನು ತೋಡಿಸಿದವರ ಮನೆ ಆಚೆಗೆ ಉಳಿಯಿತು.
"ಬತ್ತಿ ಸಣ್ಣ ಮಾಡು" ಎಂದ. ಮಾಡಿದೆ.
ಮರುದಿನ ಆದಿತ್ಯವಾರ. ಇಬ್ಬರೂ ಇಗರ್ಜಿಗೆ ಹೋದೆವು.
ಅಪ್ಪನ ಉಗುರಿನೊಳಗೆ ಕೆಂಪು ಮಣ್ಣಿತ್ತು.

ಆಮೇಲೆ ಅಂದುಂಞಿ ದೊಡ್ಡವನಾಗಿ ವೈರಿಯಾದ.
ಬೇಲಿಗೆ ಮುಳ್ಳು ಹಾಕಿದ, ನಮ್ಮ ದನವನ್ನು ದೊಡ್ಡಿಗೆ ಹೊಡೆಸಿದ,
ಕುಂಬಳೆ ಠಾಣೆಗೆ ಎರಡು ಸಲ ಎಳೆದ.
ನಾನು ಸಂಜೆ ತೇರ್ಸ ಮುಗಿಸಿ
ವೈರಿಗೆಂದು ಒಂದು ಪ್ರಾರ್ಥನೆ ಹೆಚ್ಚಿಗೆ ಹೇಳಿದೆ:
ದೇವರೇ, ಅವನನ್ನು ಕ್ಷಮಿಸು.
ನಲವತ್ತೊಂಬತ್ತು ವರ್ಷ.
ದೇವರು ನಗದೆ ಕೇಳಿಸಿಕೊಂಡ. ಅವನ ದೊಡ್ಡತನ.

ಬೆಳಿಗ್ಗೆ ಬಂದವನು ಪಯ್ಯನ್ನೂರಿನ ಹುಡುಗ,
ಮೂರು ಕಾಲಿನ ಯಂತ್ರ, ಕುತ್ತಿಗೆಗೆ ಒದ್ದೆ ಟವೆಲು.
ಅವನ ಮಲೆಯಾಳ ನನಗೆ ಅರ್ಧ,
ನನ್ನ ಕನ್ನಡ ಅವನಿಗೆ ಕಾಲು.
ಪೈವಳಿಕೆಯಲ್ಲಿ ಹುಟ್ಟಿ ಮುದುಕಿಯಾದೆ,
ಈ ಸರಕಾರ ನನ್ನ ಭಾಷೆಯಲ್ಲಿ ನನ್ನನ್ನು ಏನೂ ಕೇಳಿದ್ದಿಲ್ಲ.
ಆದರೂ ವರ್ಷವರ್ಷ ತೀರ್ವೆ ಕಟ್ಟಿದ್ದೇನೆ,
ರಶೀದಿ ಬಿಸ್ಕತ್ತಿನ ಡಬ್ಬಿಯಲ್ಲಿದೆ,
ನಮ್ಮದಲ್ಲದ ಮೂರು ಮಾರಿನದೂ ಸೇರಿ.
ಓದಲು ಬಾರದ ಕಾಗದಕ್ಕೆ ಸುಳ್ಳು ಹೇಳಿದರೆ
ಅದು ಸುಳ್ಳಲ್ಲವೇ? ಯಾರನ್ನು ಕೇಳುವುದು?

"ಗಡಿ ಇದೇ ಅಲ್ಲವಾ" ಎಂದ.
ಆಚೆ ಅಂದುಂಞಿ ಕೊಡೆ ಊರಿ ನಿಂತಿದ್ದ,
ನನ್ನ ಉತ್ತರ ಮೊದಲೇ ಗೊತ್ತಿದ್ದವನ ಹಾಗೆ ನೆಲ ನೋಡುತ್ತ.
ಈಚೆ ಇನಾಸ, ವಾಡೊದ ಐದಾರು ಜನ,
ಕೊಡಪಾನ ಹಿಡಿದ ಸೊಸೆಯಂದಿರು.

ಅಲ್ಲ, ಎಂದೆ.
ಅಲ್ಲಿ, ಆ ಗೇರುಮರದ ಬುಡ.
ಅಗೆಯಿರಿ, ಕಲ್ಲಿನ ಮುರಿದ ತುಂಡು ಒಳಗೇ ಉಳಿದಿದೆ.
ಇದು ನಮ್ಮಪ್ಪ ಕದ್ದ ಜಾಗ.
ಹುಡುಗನಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ.
ಅವನು ಇನಾಸನ ಮುಖ ನೋಡಿದ,
ಇನಾಸ ಗೇರುಹಣ್ಣು ನೋಡಿದ.
ಕೊನೆಗೆ ನನ್ನ ಮಾತನ್ನು ಮಲೆಯಾಳಕ್ಕೆ ತಿರುಗಿಸಿದವನು
ಅಂದುಂಞಿ.
ನಾನು ಕದ್ದದ್ದು ಎಂದದ್ದನ್ನು
ಅವನು ಸರಿದದ್ದು ಎಂದ.
ಅಷ್ಟು ಮಲೆಯಾಳ ನನಗೂ ಬರುತ್ತದೆ.

ಈ ಆದಿತ್ಯವಾರ ಬೆಂಚಿನಲ್ಲಿ ನಾನೊಬ್ಬಳೇ.
ಸಮಾಧಾನ ಹಂಚುವ ಹೊತ್ತಿಗೆ ಇನಾಸನ ಹೆಂಡತಿ
ಕೈ ಮುಗಿದಳು, ನನ್ನ ಪಕ್ಕದ ಕಂಬಕ್ಕೆ.
ತಪ್ಪಲ್ಲ. ಅವಳ ಮನೆಯಲ್ಲಿ ಬಾಣಂತಿ ಇದ್ದಾಳೆ.
ಅಂದುಂಞಿ ಪೈಪು ಕಿತ್ತಿಲ್ಲ,
ಇರಲಿ ಎಂದೂ ಹೇಳಿಲ್ಲ.

ತೇರ್ಸ ಮುಗಿದ ಮೇಲೆ ಹಳೆಯ ಪ್ರಾರ್ಥನೆ ತಾನೇ ಬಾಯಿಗೆ ಬರುತ್ತದೆ.
"ಅವನನ್ನು" ಎಂಬಲ್ಲಿ "ನನ್ನನ್ನು" ಎನ್ನಲು
ನಾಲಿಗೆ ಇನ್ನೂ ಎಡವುತ್ತದೆ.

ನಾಳೆ ಹನ್ನೊಂದು ಮನೆಯವರ ಪರವಾಗಿ ಕೇಳಬೇಕು.
ಕೊಡಪಾನ ತೊಳೆದು ಬೋರಲಿಟ್ಟಿದ್ದೇನೆ.
ಹಗಲಲ್ಲೇ ಹೋಗುತ್ತೇನೆ.
ಗೇಟು ತೆಗೆಯುತ್ತಾನೋ ಇಲ್ಲವೋ.