ಸೂರ್

ಈ ಊರಿನ ಹೆಸರು ಸೂರ್.
ನಮ್ಮಲ್ಲಿ ಸೂರೆಂದರೆ ಮನೆಯ ಮಾಡು, ಅಂದೆ.
ಮೊಫಿಜುಲ್ ಏಣಿಯ ಮೇಲಿಂದಲೇ ನಕ್ಕ:
ಅವನ ಬಂಗಾಳಿಯಲ್ಲಿ ಅದು ಹಾಡಿನ ಧಾಟಿಯಂತೆ.
ಹಳೇ ಬಣ್ಣ ಕೆರೆಯುತ್ತ ಯಾವುದನ್ನೋ ಗುನುಗಿದ,
ಹೊಪ್ಪಳಿಕೆ ತಲೆಯ ಮೇಲೆ ಉದುರಿತು.

ಮನೆ ಶಮ್ಸಾ ಅವರದು. ಅಪ್ಪ ಹಡಗು ಕಟ್ಟುತ್ತಿದ್ದರಂತೆ,
ಅವರ ಬಾಚಿ ಇನ್ನೂ ಬಾಗಿಲ ಹಿಂದೆ ಮೊಳೆಗೆ ತೂಗಿದೆ.
ನಾನು ಶೇಡ್ ಕಾರ್ಡು ಬಿಚ್ಚಿದೆ, ಬೀಸಣಿಗೆಯ ಹಾಗೆ.
ಕೆಂಪಿನ ಪಟ್ಟಿಯಲ್ಲಿ ಅವರ ಬೆರಳು ನಿಂತಿತು.
ಮಾಫಿ, ಎಂದೆ. ಹಸಿರು? ಅದೂ ಮಾಫಿ.
ಈ ಬೀದಿಗೆ ಬಲದಿಯಾ ಬರೆದುಕೊಟ್ಟದ್ದು
ಬಿಳಿ, ಇಲ್ಲವೇ
ಬಿಳಿಯ ಹತ್ತಿರದ ಸಂಬಂಧಿಕರು.

ಸಂಬಂಧಿಕರೇ ಹದಿನೇಳು ಮಂದಿ.
ಕಂಪನಿಯ ಹೆಸರುಗಳು ನಾಲಿಗೆಗೆ ಒಗ್ಗದೆ
ನಾನೇ ನಾಮಕರಣ ಮಾಡಿಕೊಂಡಿದ್ದೇನೆ.
೪೦೨ ಗಂಜಿತಿಳಿ. ೪೦೫ ಕೊಬ್ಬರಿಯ ಒಳಮೈ.
೪೦೯ ಬೊಂಡಾಸಿನ ಹೊಟ್ಟೆ.
೪೧೧ ಕಾಮಾಲೆಯಾದವನ ಕಣ್ಣು; ಮಾರುವಾಗ ಮಾತ್ರ
ಕೇಸರಿಹಾಲು ಅನ್ನುತ್ತೇನೆ.

ನಾಲ್ಕು ಬಿಳಿಗಳನ್ನು ಗೋಡೆಗೆ ತುಂಡುತುಂಡಾಗಿ ಬಳಿದು
ಬೆಳಗ್ಗೆ ನೋಡಿ, ಮಗ್ರಿಬ್ ಬಾಂಗಿನ ಹೊತ್ತಿಗೆ ಮತ್ತೆ ನೋಡಿ, ಎಂದು ಬಿಟ್ಟೆವು.
ಹನ್ನೆರಡರ ಬಿಸಿಲಿಗೆ ನಾಲ್ಕೂ ಒಂದೇ ಆಗಿ
ಕಣ್ಣಿಗೆ ಹೊಡೆದವು.
ಸಂಜೆ ಗಂಜಿತಿಳಿ ಯಾಕೋ ಕೆನ್ನೆಯಷ್ಟು ಕೆಂಪಾಯಿತು.
ಶಮ್ಸಾ ಕುರ್ಚಿ ತರಿಸಿ ಬೀದಿಯಲ್ಲೇ ಕೂತರು.
ನೆರೆಯವರು ಬಂದರು, ಕಹ್ವಾ ಬಂತು, ಖರ್ಜೂರ ಬಂತು,
ಬಂದವರಿಗೆಲ್ಲ ಒಂದೊಂದು ಬಿಳಿಯೇ ಸರಿ.
ಮೂರನೇ ದಿನ ಧೂಳುಗಾಳಿ ಎದ್ದು
ನಾಲ್ಕಕ್ಕೂ ತನ್ನದೊಂದು ಕೋಟು ಹೊಡೆದು ಹೋಯಿತು,
ಪ್ರೈಮರಿಲ್ಲದೆ, ಕೂಲಿಯಿಲ್ಲದೆ.

ಗೋಡೆ ತೊಳೆಯುತ್ತಿದ್ದಾಗ ಕೇಳಿದರು:
ಇಲ್ಲಿಗೆ ಬರುವ ಮೊದಲು ಏನು ಬಳಿಯುತ್ತಿದ್ದೆ?
ದೋಣಿ.
ಯಾವ ಬಣ್ಣ?

ಯಾವುದಲ್ಲ ಎಂದು ಹೇಳಲಿ.
ಗಂಗೊಳ್ಳಿಯ ಬಂದರಿನಲ್ಲಿ ಒಬ್ಬೊಬ್ಬ ಮಾಲೀಕನಿಗೂ
ಪಕ್ಕದ ದೋಣಿಗಿಂತ ಜೋರಾಗಿ ಕೂಗುವ ಬಣ್ಣ ಬೇಕು.
ದಡದಲ್ಲಿ ನಿಂತವರಿಗೆ ದೂರದಿಂದಲೇ
ಯಾರು ಬಂದರೆಂದು ಗೊತ್ತಾಗಬೇಕು, ಅಷ್ಟೇ ಲೆಕ್ಕ.
ಕುಂಕುಮದ ಮೈಗೆ ಅರಸಿನದ ಪಟ್ಟಿ,
ನೀಲಿಯ ಮೇಲೆ ಗಿಳಿಹಸಿರು,
ಮೂತಿಯ ಎರಡೂ ಕಡೆ ಒಂದೊಂದು ಕಣ್ಣು.
ಬಿಳಿ ಬೇಕಾದದ್ದು ಆ ಕಣ್ಣಿಗೆ ಮಾತ್ರ,
ಒಂದು ಚಿಪ್ಪಿಯಷ್ಟು.

ಇಷ್ಟನ್ನೂ ನನ್ನ ಹರಕು ಅರಬ್ಬಿಯಲ್ಲಿ, ಉಳಿದದ್ದು ಕೈಯಲ್ಲಿ ಹೇಳಿದೆ.
ಅವರು ಮಾತಾಡಲಿಲ್ಲ.
ಮಂಡಿ ಹಿಡಿದುಕೊಂಡು ತಾರಸಿಗೆ ಹತ್ತಿದರು, ಹಿಂದೆ ನಾನು.
ಸೊಂಟದೆತ್ತರದ ಕಟ್ಟೆಗೋಡೆ, ಅದರ ಒಳಮುಖ ತಟ್ಟಿ:
ಇದು ಹೊರಗೋ ಒಳಗೋ?

ಬಿಸಿಲು ಬೀಳುತ್ತದೆ, ಉಪ್ಪುಗಾಳಿ ತಾಗುತ್ತದೆ.
ಹೊರಗಿನ ಪೇಂಟೇ ಬೇಕು, ಎಂದೆ.
ಬೀದಿಗೆ?
ಕಾಣುವುದಿಲ್ಲ. ಪಾರಿವಾಳಕ್ಕೆ ಕಾಣುತ್ತದೆ.

ಇದನ್ನೂ ಸೂರ್ ಅನ್ನುತ್ತೇವೆ, ಎಂದರು, ಗೋಡೆಗೆ.
ಊರಿನದು ಬೇರೆ, ಅದರ ಸಕಾರ ದಪ್ಪ.
ಎರಡನ್ನೂ ಎರಡೆರಡು ಸಲ ಹೇಳಿ ತೋರಿಸಿದರು.
ನನ್ನ ಕಿವಿಗೆ ಒಂದೇ.

ಬೀದಿಯ ಮುಖಕ್ಕೆ ಗಂಜಿತಿಳಿ ಗೊತ್ತಾಯಿತು.
ತಾರಸಿಗೆ ಅಪ್ಪನ ಕಡೆಯ ಹಡಗಿನ
ಅಂಚಿನ ನೀಲಿ.
ಅದು ಕಾರ್ಡಿನಲ್ಲಿಲ್ಲ, ಫೋಟೋದಲ್ಲೂ ಇಲ್ಲ;
ಇದ್ದೊಂದು ಫೋಟೋ ಕಪ್ಪುಬಿಳುಪು.
ಯಂತ್ರದಲ್ಲಿ ತಿರುಗಿಸಿ ಕೋಲಿಗೆ ಹಚ್ಚಿ ತೋರಿಸಿದೆ. ಲಾ, ಎಂದರು.
ಕಪ್ಪಿನದು ಎರಡು ಹನಿ ಬಿಟ್ಟೆ. ಲಾ.
ಹಸಿರು ತಾಗಿಸಿದೆ. ಲಾ, ಆದರೆ ಈ ಸಲ ಮೆಲ್ಲಗೆ.
ನಾಲ್ಕನೆಯ ಸಲ
ಏನನ್ನೂ ಹೇಳಲಿಲ್ಲ. ಕೋಲನ್ನು ವಾಪಸು ಕೊಡಲೂ ಇಲ್ಲ.

ಬಿಲ್ಲಿನಲ್ಲಿ ಬರೆದೆ:
ಬಿಳಿ, ದೊಡ್ಡ ಡಬ್ಬಿ, ಆರು.
ಇತರೆ, ಒಂದು.