ಮಾಜಾಳಿಯಲ್ಲಿ ಎಣಿಕೆ

ಹಾರುವವನು ನಾನಲ್ಲ.
ಹಾರುವವರ ಹೆಸರು ಬರೆದುಕೊಳ್ಳುವವನು,
ಭಾವನ ದೋಣಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ.
ಮುಂದಿನಿಂದ ತೆರೆದರೆ ಡೀಸೆಲ್, ಮಂಜುಗಡ್ಡೆ, ಬಂಗಡೆ ಇಪ್ಪತ್ತು ಬುಟ್ಟಿ;
ಹಿಂದಿನಿಂದ ತೆರೆದರೆ ಆಕಾಶ.

ಹೆಸರು. ತೂಕ. ರಕ್ತದ ಗುಂಪು.
ಈವರೆಗಿನ ಜಿಗಿತ ಎಷ್ಟು.
ಇನ್ನೂರು ಆಗದವರಿಗೆ ರೆಕ್ಕೆಯಂಗಿ ಇಲ್ಲ,
ಯಾರ ಶಿಫಾರಸೂ ನಡೆಯುವುದಿಲ್ಲ.
ಮೀನು ತಿನ್ನುತ್ತೀರಾ.
ಕೊನೆಯ ಕಾಲಮ್ಮಿನಲ್ಲಿ, ಏನಾದರೂ ಆದರೆ ಯಾರಿಗೆ ಹೇಳುವುದು.

ಉಲ್ಹಾಸ ರಾಯ್ಕರ್ ಎಪ್ಪತ್ತಾರು ಕಿಲೋ ಎಂದ;
ಮಂಜುಗಡ್ಡೆ ತೂಗುವ ಕಾಟಾದ ಮೇಲೆ ನಿಲ್ಲಿಸಿದೆ, ಎಂಬತ್ತಮೂರು.
ಭಟ್ಕಳದ ನುಸ್ರತ್ ಮೂರು ನಂಬರು ಕೊಟ್ಟಳು,
ಆ ಮೂವರೂ ಅಮ್ಮನಿಗೆ ಮಾತ್ರ ಹೇಳಬಾರದಂತೆ.
ಹೊನ್ನಾವರದ ಜುಜೆ ಲೋಪಿಸ್,
ಇಪ್ಪತ್ತೆರಡು ವರ್ಷ ಹಡಗುಗಳ ಹೊಟ್ಟೆ ಕೆರೆದ ಮುಳುಗುಗಾರ,
ಆ ಕಾಲಮ್ಮಿಗೆ ಬಂದಾಗ ಪೆನ್ನಿನ ಮುಚ್ಚಳ ಹಾಕಿ
ಚಹಾ ಇದೆಯಾ ಎಂದು ಕೇಳಿದ.

ನಾನೂ ಒತ್ತಾಯಿಸಲಿಲ್ಲ. ಬೇರೆ ಕೆಲಸ ಇತ್ತು.
ನೌಕಾನೆಲೆಯ ಕಚೇರಿಗೆ ನಾಲ್ಕು ಸಲ:
ನಕಾಶೆ ಕೊಡಿ, ಕ್ಯಾಮೆರಾ ಇಲ್ಲವೆಂದು ಬರೆದು ಕೊಡಿ,
ಮೇಲಿಂದ ಬೀಳುವವರು ಅರ್ಗಾದ ಕಡೆ ನೋಡುವುದಿಲ್ಲವೆಂದು ಬರೆದು ಕೊಡಿ.
ಬರೆದು ಕೊಟ್ಟೆ.
ಹುಬ್ಬಳ್ಳಿಯ ವಿಮಾನದವನಿಗೆ ಮುಂಗಡ.
ಗಾಳಿಚೀಲಕ್ಕೆ ಹೆಂಡತಿಯ ಹಳೆಯ ಕೇಸರಿ ನೈಟಿ,
ತೋಳು ಹೊಲಿದು ಬಿದಿರಿಗೆ ಕಟ್ಟಿದ್ದು.
ಅವಳಿಗಿನ್ನೂ ಹೇಳಿಲ್ಲ.

ಇಳಿಯುವ ಜಾಗದಲ್ಲಿ ಸುರಂಗಿ ತಾಂಡೇಲಳ ಮೀನು ಒಣಗುತ್ತಿತ್ತು.
ಶನಿವಾರ ಭಾನುವಾರ ಎರಡೇ ದಿನ, ಬಾಡಿಗೆ ಕೊಡುತ್ತೇವೆ ಎಂದೆ.
“ಬಿಸಿಲಿಗೆ ಬಾಡಿಗೆ ಕೊಡೋನ್ನ ಇವತ್ತೇ ಕಂಡಿದ್ದು” ಎಂದು ನಕ್ಕಳು.
ಒಪ್ಪಂದ: ಮೀನು ಕದಲುವುದಿಲ್ಲ, ಬಲಗಡೆಯ ಅರ್ಧ ನಿಮ್ಮದು,
ತುಳಿದ ಬಂಗಡೆ ಒಂದಕ್ಕೆ ಇಪ್ಪತ್ತು ರೂಪಾಯಿ.

ಶನಿವಾರ, ಬೆಳಿಗ್ಗೆ ಎಂಟೂಕಾಲು.
ಹೆಲ್ಮೆಟ್ಟುಗಳ ಮೇಲೆ ದಪ್ಪ ಪೆನ್ನಲ್ಲಿ ನನ್ನ ನಂಬರು ಬರೆದೆ.
ಹನ್ನೆರಡು ಸಾವಿರ ಅಡಿ.
ಕೆಳಗಿಂದ ನೋಡಿದರೆ ಏನೂ ಇಲ್ಲ, ಬರೀ ಸದ್ದು,
ಆ ಸದ್ದೂ ನಿಂತಂತಾಗಿ
ಯಾರೋ ನೀಲಿಯ ಮೇಲೆ ಎಳ್ಳು ಚೆಲ್ಲಿದರು.
ಎಳ್ಳು ಬೀಳಲಿಲ್ಲ. ಜಾರಿತು,
ಕೂರ್ಮಗಡದ ಮೇಲೆ ಬಾಗಿ, ಒಂದರ ಪಕ್ಕ ಒಂದು.
ಸುರಂಗಿ ಬುಟ್ಟಿ ಕೆಳಗಿಟ್ಟಳು,
ಕಾಗೆ ಓಡಿಸುವುದನ್ನೇ ಮರೆತಳು.

ಒಂದು. ಎರಡು. ಮೂರು, ನುಸ್ರತ್, ಮೊಣಕಾಲೂರಿ.
ನಾಲ್ಕು, ಐದು.
ಆರು ಉಲ್ಹಾಸ, ನೇರ ಎಡಗಡೆಗೆ, ಹದಿನಾಲ್ಕು ಬಂಗಡೆ.
ಏಳು

ಏಳಕ್ಕೆ ಗುರುತು ಹಾಕಲು ಪೆನ್ನು ಹಿಡಿದೇ ಕೂತೆ.
ಆರು ಜನ ತಲೆಯೆತ್ತಿ ನಿಂತಿದ್ದರು, ಯಾರೂ ಮಾತಾಡದೆ.
ನನ್ನ ಕಣ್ಣು ಮಾತ್ರ ಹಾಳೆಯ ಮೇಲೆ,
ಅವನು ಬಿಟ್ಟ ಆ ಖಾಲಿ ಚೌಕದಲ್ಲಿ.
ಬೆರಳಿಟ್ಟರೆ ಕಾಗದ, ಅಷ್ಟೇ.

ಹನ್ನೊಂದು ನಿಮಿಷಕ್ಕೆ ಗೊತ್ತಿಲ್ಲದ ನಂಬರು:
“ನಿಮ್ದೊಂದ್ ಬಾವಲಿ ಇಲ್ ಬಿದ್ಕಂಡದೆ.
ಭರತ ಬರೂಕಿಂತ ಮೊದ್ಲೆ ಬಂದು ತಕಂಡ್ ಹೋಗಿ.”

ಕಾಳಿ ಸಮುದ್ರ ಸೇರುವಲ್ಲಿ, ಇಳಿತಕ್ಕೆ ಎದ್ದ ಮರಳದಿಬ್ಬ.
ಮೊಣಕಾಲುದ್ದದ ನೀರಲ್ಲಿ ಬಳಚು ತೆಗೆಯುವ ಹೆಂಗಸರು,
ಅವರ ನಡುವೆ ಕಾಲ್ಬೆರಳಲ್ಲಿ ಕೆಸರು ತಡವುತ್ತ ಜುಜೆ,
ಪ್ಯಾರಾಚೂಟನ್ನು ಅವರ ಪಾತಿದೋಣಿಯ ಮೇಲೆ ಒಣಹಾಕಿ,
ಎಡ ರೆಕ್ಕೆಯ ಒಂದು ತುದಿಗೆ ಗಂಟು ಬಿಗಿದು
ಒಳಗೆ ಬಳಚು ತುಂಬುತ್ತಿದ್ದ.
“ಗಾಳಿ ತಳ್ಳಿತು” ಎಂದ. ಸ್ವಲ್ಪ ತಡೆದು,
“ನಾನೂ ಬೇಡ ಅನ್ನಲಿಲ್ಲ.”

ಬೈಯಲೆಂದು ಬಾಯಿ ತೆರೆದವನು ಪುಸ್ತಕ ತೆರೆದೆ.
ಏಳು.
ಮೀನು: ತಿನ್ನುತ್ತಾನೆ.
ನೀರು ತಾಗಿದ ಹಾಳೆಯಲ್ಲಿ ಶಾಯಿ ಹಬ್ಬಿ
ಡೀಸೆಲ್ಲಿನ ಲೆಕ್ಕಕ್ಕೂ ದಾಟಿತ್ತು.
ಕೊನೆಯ ಕಾಲಮ್ಮು ಹಾಗೇ ಇದೆ.
ಭಾನುವಾರದ ಮೊದಲ ಹಾರಾಟ ಏಳೂವರೆಗೆ.
ಉಲ್ಹಾಸನಿಂದ ಇನ್ನೂರೆಂಬತ್ತು ರೂಪಾಯಿ ಬರಬೇಕು.