ಖಾಲಿ ಗಾಡಿ ತೂಕ

ಮೆಕ್ಕೆಜೋಳದ ಲಾರಿ ತಟ್ಟೆಗೆ ಹತ್ತುತ್ತದೆ.
ಕಿಟಕಿಯಿಂದ ಕೂಗುತ್ತೇನೆ:
ಡ್ರೈವರ್ ಇಳೀಬೇಕು, ಕ್ಲೀನರ್ ಇಳೀಬೇಕು,
ಚೀಲದ ಮೇಲೆ ಮಲಗಿದವರು ಯಾರು, ನೀವೂ ಇಳೀರಿ.
ತುಂಬಿದ ತೂಕ, ಖಾಲಿ ತೂಕ, ಕಳೆದರೆ ಮಾಲು.
ಇಪ್ಪತ್ತೆರಡು ವರ್ಷದಿಂದ ಇದೇ ಲೆಕ್ಕ,
ದಾವಣಗೆರೆಯ ಈ ಯಾರ್ಡಿನ ಗೇಟಿನಲ್ಲಿ.

ನನ್ನಲ್ಲಿ ಮಾಲೆಷ್ಟು ಗಾಡಿಯೆಷ್ಟು
ಯಾರೂ ಕೇಳಿರಲಿಲ್ಲ.
ಶಶಿಕಲಾ ಮೇಡಂ ಚೀಟಿಯಲ್ಲಿ ತೊಂಬತ್ತೆಂಟು ಅಂತ ಬರೆದು
ಕೆಳಗೆ ಎರಡು ಗೆರೆ ಎಳೆದರು.
ಸಕ್ಕರೆ ಇನ್ನೂ ಹೊಸಿಲಾಚೆ ನಿಂತಿದೆ,
ಬಾ ಅನ್ನಬೇಡಿ ಅಂದರು.
ಮಧ್ಯಾಹ್ನ ಹನ್ನೆರಡಕ್ಕೆ ಬಾಯಿ ತೆರೆಯುವುದು,
ರಾತ್ರಿ ಎಂಟಕ್ಕೆ ಮುಚ್ಚುವುದು,
ಉಳಿದ ಹದಿನಾರು ತಾಸು
ನೀರು, ಇಲ್ಲವೇ ಹಾಲಿಲ್ಲದ ಕರಿ ಕಾಫಿ.

ನಮ್ಮಮ್ಮನ ಸೋಮವಾರಕ್ಕೆ
ಅವಲಕ್ಕಿ, ಬಾಳೆಹಣ್ಣು, ಸಬ್ಬಕ್ಕಿ ಪಾಯಸ ಇರುತ್ತಿತ್ತು.
ಉಪವಾಸದ ದಿನ ನಾವು ಮಕ್ಕಳು
ಎರಡು ಸಲ ಉಣ್ಣುತ್ತಿದ್ದೆವು.

ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋಗುವ ದಾರಿ.
ಕರಿಬಸಪ್ಪನ ಒಲೆ, ಸೌದೆಯ ಹೊಗೆ,
ಕಾದ ಕಾವಲಿಗೆ ಬೆಣ್ಣೆ ಬಿದ್ದ ಸದ್ದು
ಹೆಸರು ಹಿಡಿದು ಕರೆದ ಹಾಗೆ.
ಸಾಲ ಕೊಟ್ಟವರನ್ನು ಕಂಡವನಂತೆ
ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಹೋಗುತ್ತೇನೆ.
ಮೂರನೇ ದಿನ ಅವನು ನಮ್ಮ ಮನೆಗೇ ಫೋನು ಮಾಡಿದ:
ಯಜಮಾನರಿಗೆ ಆರಾಮಿಲ್ಲೇನ್ರಿ?

ಹಮಾಲಿ ದಾದಾಪೀರ್ ನಗುತ್ತಾನೆ:
ಇದೆಂಥ ರೋಜಾ ಸಾರ್, ನೀರು ಕುಡೀತೀರಿ!
ಆಮೇಲೆ ಸ್ವಲ್ಪ ಯೋಚಿಸಿ ಕೇಳುತ್ತಾನೆ:
ಸಂಜೆ ನಮಗೆ ಖರ್ಜೂರ ಇದೆ, ಓಣಿ ತುಂಬಾ ಮಂದಿ ಇದಾರೆ,
ಬಿಡೋ ಹೊತ್ತಿಗೆ ನಿಮಗೆ ಏನಿದೆ?
ಆ್ಯಪ್ ಇದೆ ಅಂದೆ.
ಗಂಟೆ ಹೊಡೆಯುತ್ತದೆ.

ಒಂಬತ್ತನೇ ದಿನ ಹನ್ನೊಂದೂ ಇಪ್ಪತ್ತಕ್ಕೆ
ಕಣ್ಣು ಮಂಜಾಗಿ ಒಂದು ಲಾರಿಯ ಖಾಲಿ ತೂಕ
ಇನ್ನೊಂದು ಲಾರಿಗೆ ಬರೆದೆ.
ದಲಾಲಿ ಮಂಜಣ್ಣ ಚೀಟಿ ಮುಖಕ್ಕೆ ಹಿಡಿದು ಬೈದ.
ಹನ್ನೊಂದೂ ಇಪ್ಪತ್ತರಿಂದ ಹನ್ನೆರಡರವರೆಗೆ
ನಲವತ್ತು ನಿಮಿಷ ಅಂತ ಯಾರು ಹೇಳಿದರು?

ಸಂಜೆ ಇದರ ಉಲ್ಟಾ.
ಏಳೂ ಐವತ್ತೆರಡಕ್ಕೆ ಮಂಡಕ್ಕಿ ಗಾಡಿಯೆದುರು
ಒಂದು ಕೈಯಲ್ಲಿ ಮಿರ್ಚಿ, ಒಂದು ಕೈಯಲ್ಲಿ ಮೊಬೈಲು,
ಹೊರಟ ರೈಲು ಹಿಡಿಯುವವನ ಹಾಗೆ ಅಗಿಯುತ್ತೇನೆ.
ಇದು ಮೇಡಂಗೆ ಗೊತ್ತಿಲ್ಲ.

ಯಾರ್ಡು ಖಾಲಿಯಿರುವ ಭಾನುವಾರ
ನಾನೇ ಒಬ್ಬನೇ ತಟ್ಟೆಗೆ ಹತ್ತಿ ನಿಂತೆ.
ಅರವತ್ತು ಟನ್ನಿನ ಯಂತ್ರ, ಹತ್ತು ಹತ್ತಾಗಿ ಎಣಿಸುತ್ತದೆ.
ಮೊದಲ ವಾರ ನೂರು ತೋರಿಸಿತು,
ಇಲ್ಲದ ಎರಡು ಕೆಜಿ ಹೇರಿ.
ಏಳನೇ ವಾರ ತೊಂಬತ್ತು,
ಇದ್ದ ನಾಲ್ಕನ್ನು ಮನ್ನಾ ಮಾಡಿ.
ಹತ್ತರೊಳಗಿನದು ಅದಕ್ಕೆ ಕಾಣುವುದಿಲ್ಲ.

ಮೊನ್ನೆ ಗುರುವಾರ, ಒಂಬತ್ತೂ ಕಾಲು.
ವನಜಾಕ್ಷಿ ಜವಳಿ ಅಂಗಡಿಯಿಂದ ಬಂದಳು,
ದಿನವಿಡೀ ಸೀರೆ ಬಿಚ್ಚಿ ಮಡಚಿದ ಕೈ ತೊಳೆದು
ತಟ್ಟೆ ಹಾಕಿಕೊಂಡು ಟೀವಿ ಕಡೆ ತಿರುಗಿ ಕೂತಳು.
ಮೊದಲು ನನ್ನ ಕಡೆ ತಿರುಗಿ ಕೂರುತ್ತಿದ್ದಳು.
ಯಾವ ಮದುವೆಯವರು ನಲವತ್ತು ಸೀರೆ ಬಿಚ್ಚಿಸಿ
ಒಂದು ಕರ್ಚೀಫೂ ಕೊಳ್ಳದೆ ಎದ್ದುಹೋದರು,
ಯಾವ ಅತ್ತೆ ಗಿಳಿಹಸಿರು ಬೇಡವೆಂದು ಮುನಿದಳು,
ಎಲ್ಲ ಸಾರನ್ನದ ಜೊತೆ ಕಲೆಸಿ ಬರುತ್ತಿತ್ತು.
ಈಗ ಬಿಸಿನೀರಿನ ಲೋಟ ಹಿಡಿದು ಎದುರು ಕೂತರೆ
ಪೊಲೀಸರ ಹಂಗೆ ನೋಡಬೇಡಿ, ನುಂಗಕ್ಕಾಗಲ್ಲ ಅಂತಾಳೆ.
ಇಳಿದದ್ದು ನಾಲ್ಕು ಕೆಜಿ.
ಅದರಲ್ಲಿ ಅವಳ ಮಾತೆಷ್ಟು, ತೂಗಿಲ್ಲ.

ಇವತ್ತು ಅಂಗಡೀಲಿ ಏನಾಯ್ತು? ಕೇಳಿದೆ.
ಏನಿಲ್ಲ.
ಕೈ ಚಾಚಿ ಅವಳ ರೊಟ್ಟಿಯಲ್ಲಿ ಅರ್ಧ ಮುರಿದೆ.
ಎಂಟು ಹೊಡೆದು ಎಷ್ಟೊತ್ತಾಯ್ತು? ಅಂದಳು.
ಹತ್ತರೊಳಗಿನದು ತಟ್ಟೆಗೆ ಕಾಣಲ್ಲ ಅಂದೆ.
ಅರ್ಥವಾಗಲಿಲ್ಲ ಅವಳಿಗೆ, ಆದರೂ
ಶೇಂಗಾ ಚಟ್ನಿ ನನ್ನ ಕಡೆ ಸರಿಸಿದಳು.

ಒಂದೂವರೆಗೆ ತೆರೆದು ಒಂಬತ್ತೂವರೆಗೆ ಮುಚ್ಚಲಾ ಅಂತ
ನಾಳೆ ಮೇಡಂಗೆ ಕೇಳಬೇಕು.
ಬೆಳಗು ಇನ್ನೂ ಉದ್ದವಾಗುತ್ತದೆ, ಆಗಲಿ.

ಟೀವಿ ಸದ್ದು ಸಣ್ಣಗೆ ಮಾಡಿ ವನಜಾಕ್ಷಿ ಅಂದಳು:
ಹರಪನಹಳ್ಳಿ ಕಡೆಯ ಬೀಗರೊಬ್ಬರು ಬಂದಿದ್ದರು ನೋಡಿ,
ಬರುವಾಗಲೇ ಮುಖ ಊದಿತ್ತು